ರಾಜ ನಿಲ್ಲಿಸಿದ ಪದಕ, ದೊಡ್ಡಪ್ಪ ಮುಂದುವರಿಸಿದ್ದು

ನಮ್ಮ ಮನೆಯ ಟಿವಿ ಪಕ್ಕದ ಗಾಜಿನ ಬೀರುವಿನಲ್ಲಿ ಈಗ ಹದಿನಾಲ್ಕು ಸ್ಮರಣಿಕೆಗಳಿವೆ. ರಂಗೋಲಿ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋದದ್ದಕ್ಕೆ ಒಂದು, ಇನ್ನೊಂದು ಸ್ಪರ್ಧೆಯಲ್ಲಿ ತೀರ್ಪುಗಾರರು ಬಾರದೆ ಅವರ ಕುರ್ಚಿಯಲ್ಲಿ ಕೂತದ್ದಕ್ಕೆ ಒಂದು, ಯಾವುದೋ ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಹೊಟ್ಟೆ ತುಂಬ ಉಂಡು ಬಂದದ್ದಕ್ಕೆ ಒಂದು. ಮೊನ್ನೆ ಧೂಳು ಹೊಡೆಯುವಾಗ ಒಂದರ ಕಾಲು ಮುರಿಯಿತು. ನನಗೆ ಬೇಜಾರಾಗುವ ಬದಲು ನಗು ಬಂತು. ಏಕೆಂದರೆ, ಈಗ ಕೇಳದೆ ಬಂದು ಬೀಳುವ ಈ ಸನ್ಮಾನಗಳನ್ನೆಲ್ಲ ಇಟ್ಟುಕೊಂಡಿರುವ ಇದೇ ನಾನು, ಚಿಕ್ಕವಳಿದ್ದಾಗ ಒಂದೇ ಒಂದು ಪದಕಕ್ಕಾಗಿ ಮೂರು ವರ್ಷ ಬಾಯಿ ಬಾಯಿ ಬಿಟ್ಟಿದ್ದೆ. ಅದೂ ಎಂಥ ಪದಕ ಅಂತೀರಿ? ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದ ಪದಕ.

ಅದು ನನ್ನ ದೊಡ್ಡಪ್ಪನದು. ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಕಾಫಿ ತೋಟವಿತ್ತು. ತೋಟ ನೋಡಿಕೊಳ್ಳುತ್ತಿದ್ದವರು ಅಪ್ಪ, ತೋಟದವರನ್ನೆಲ್ಲ ನಗಿಸಿಕೊಂಡಿರುತ್ತಿದ್ದವರು ಅಪ್ಪನ ಅಣ್ಣ, ಅಂದರೆ ಈ ದೊಡ್ಡಪ್ಪ. ಬರ್ಮಾ ಯುದ್ಧದಲ್ಲಿ ಲಾರಿ ಓಡಿಸಿ, ಹವಾಲ್ದಾರ್ ಆಗಿ ನಿವೃತ್ತಿಯಾಗಿ ಬಂದವರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ "ಧೈರ್ಯ ಸಾಲಲಿಲ್ಲ" ಅನ್ನುತ್ತಿದ್ದರು. ಧೈರ್ಯಕ್ಕೆ ಪದಕ ಪಡೆದ ಮನುಷ್ಯ ಹೀಗೆ ಹೇಳಿದರೆ ಯಾರು ನಂಬುತ್ತಾರೆ?

ಪದಕದ ಹೆಸರು ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್. ಈ ಹೆಸರು ಉಚ್ಚರಿಸುವುದೇ ಒಂದು ಸಾಹಸವಾದ್ದರಿಂದ ನಮ್ಮ ಅಜ್ಜಿ ಅದಕ್ಕೆ 'ರಾಜನ ಬಿಲ್ಲೆ' ಎಂದು ಹೆಸರಿಟ್ಟಿದ್ದರು. ಬೆಳ್ಳಿಯದು. ಒಂದು ಮುಖದಲ್ಲಿ ಇಂಗ್ಲೆಂಡಿನ ರಾಜನ ತಲೆ, ಇನ್ನೊಂದು ಮುಖದಲ್ಲಿ ಎಲೆಗಳ ಮಾಲೆಯೊಳಗೆ ಇಂಗ್ಲಿಷಿನ ಮೂರು ಪದ, ಅಂಚಿನಲ್ಲಿ ದೊಡ್ಡಪ್ಪನ ನಂಬರು ಮತ್ತು ಹೆಸರು. ರಿಬ್ಬನ್ನಿನ ನಡುವೆ ಕಡುಗೆಂಪು, ಎರಡೂ ಅಂಚಿಗೆ ಕಡುನೀಲಿ. ಸ್ವಾತಂತ್ರ್ಯ ಬಂದಾಗ ಬ್ರಿಟಿಷರ ಜೊತೆಗೆ ಈ ಪದಕವೂ ಹೋಯಿತು. ಹೊಸ ಸರ್ಕಾರ ಹೊಸ ಪದಕಗಳನ್ನು ಮಾಡಿಸಿತು, ಹಳೆಯದನ್ನು ಕೊಡುವುದು ನಿಂತಿತು.

"ಪದಕ ನಿಂತ್ರೆ ಎಂತಾಯ್ತು, ಜನಕ್ಕೆ ಧೈರ್ಯ ನಿಂತಿಲ್ಲವಲ್ಲ" ಎಂದು ದೊಡ್ಡಪ್ಪ ಒಂದು ದಿನ ಘೋಷಿಸಿದರು. "ರಾಜ ಎಲ್ಲಿ ಬಿಟ್ಟಿದಾನೋ ಅಲ್ಲಿಂದ ನಾವು ಮುಂದುವರಿಸದು."

ಮುಂದುವರಿಸಿಯೇಬಿಟ್ಟರು. ಎಪ್ಪತ್ತರ ದಶಕದ ನಡುವಿನ ಆ ಮೂರು ವರ್ಷ, ಒಂದು ಸಾಮ್ರಾಜ್ಯ ಕೈಬಿಟ್ಟ ಶೌರ್ಯ ಪದಕವನ್ನು ನಮ್ಮ ತೋಟದ ಕಣದಲ್ಲಿ ವಾರಕ್ಕೊಬ್ಬರಿಗೆ ಕೊಡಲಾಗುತ್ತಿತ್ತು. ಸಂತೆಯ ಹಿಂದಿನ ಸಂಜೆ, ಕೆಲಸ ಮುಗಿದು ತೋಟದ ಲೆಕ್ಕ ಬರೆಯುವ ರೈಟರ್ ಶೀನಪ್ಪನವರು ಹಾಜರಿ ಕೂಗಿದ ಮೇಲೆ, ದೊಡ್ಡಪ್ಪ ಕಣದ ಕಟ್ಟೆ ಹತ್ತಿ "ಸಾವಧಾನ್" ಎನ್ನುತ್ತಿದ್ದರು. ಬುಟ್ಟಿ ಹಿಡಿದ ಹೆಂಗಸರು, ಕತ್ತಿ ಸಿಕ್ಕಿಸಿಕೊಂಡ ಗಂಡಸರು, ಬಾಲ ಅಲ್ಲಾಡಿಸುತ್ತಿದ್ದ ನಾಯಿಯ ಸಮೇತ ಎಲ್ಲರೂ ನೆಟ್ಟಗೆ ನಿಲ್ಲುತ್ತಿದ್ದೆವು. ಆ ವಾರದ ವೀರರ ಹೆಸರನ್ನೂ ಪರಾಕ್ರಮವನ್ನೂ ಹೇಳಿ ಪದಕ ಚುಚ್ಚುತ್ತಿದ್ದರು. ಅದರ ಸ್ವಂತ ಪಿನ್ನು ಯಾವತ್ತೋ ಮುರಿದಿತ್ತಾದ್ದರಿಂದ ಅಜ್ಜಿಯ ಬಳೆಗೆ ನೇತಾಡುತ್ತಿದ್ದ ಪಿನ್ನುಗಳಲ್ಲಿ ಒಂದನ್ನು ಬಳಸಲಾಗುತ್ತಿತ್ತು. ವೀರರು ಅದನ್ನು ಒಂದು ವಾರ ಧರಿಸಿ ಮುಂದಿನ ಸಂತೆಯ ಹಿಂದಿನ ದಿನ ವಾಪಸು ಒಪ್ಪಿಸಬೇಕು.

ನಿಯಮಗಳು ಎರಡೇ. ಒಂದು, ಕಣದಲ್ಲಿ ನಿಂತು ಸುಳ್ಳು ಹೇಳುವಂತಿಲ್ಲ. ಇನ್ನೊಂದು, ಮಾಡುವಾಗ ಹೆದರಿಕೆ ಆಗಿರಬೇಕು, ಆದರೂ ಮಾಡಿರಬೇಕು. ಹೆದರಿಕೆಯೇ ಆಗದೆ ಮಾಡಿದ್ದು ದೊಡ್ಡಪ್ಪನ ಲೆಕ್ಕಕ್ಕೆ ಬರುತ್ತಿರಲಿಲ್ಲ. "ಅದು ಧೈರ್ಯ ಅಲ್ಲ, ಅವನಿಗೆ ವಿಷಯ ಗೊತ್ತಿಲ್ಲ ಅಷ್ಟೆ" ಅನ್ನುತ್ತಿದ್ದರು. ಹಾಗಾಗಿ ಕಾಡುಕೋಣದ ಎದುರು ಬೀಡಿ ಸೇದುತ್ತಾ ನಿಂತಿದ್ದ ಒಬ್ಬ ಆಳಿಗೆ ಪದಕ ಸಿಗಲಿಲ್ಲ. ಹಲ್ಲು ಕೀಳಿಸಲು ಮೂರು ಸಲ ಮೂಡಿಗೆರೆಗೆ ಹೋಗಿ ಮೂರು ಸಲವೂ ಡಾಕ್ಟರ ಬಾಗಿಲಿನಿಂದ ವಾಪಸು ಬಂದು, ನಾಲ್ಕನೇ ಸಲ ಕೀಳಿಸಿಕೊಂಡ ರೈಟರ್ ಶೀನಪ್ಪನವರಿಗೆ ಸಿಕ್ಕಿತು. ಅವರು ಊದಿದ ಕೆನ್ನೆ, ಉಬ್ಬಿದ ಎದೆ ಎರಡನ್ನೂ ಹೊತ್ತುಕೊಂಡು ವಾರವಿಡೀ ತಿರುಗಿದರು.

ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆಂದು ನಂಬಿದ್ದ ಅಜ್ಜಿ ಕ್ಯಾಮರಾ ಎದುರು ಕಣ್ಣು ಬಿಟ್ಟುಕೊಂಡು ಕೂತದ್ದಕ್ಕೆ ಅವರಿಗೊಂದು ವಾರ. ಸ್ನಾನಕ್ಕೆ ಹೋಗುವಾಗಲೂ ಅವರು ಅದನ್ನು ತೆಗೆದಿಡಲಿಲ್ಲ. ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಅತಿಯಾಗಿ ಕಾಫಿ ಗಿಡಕ್ಕೆಲ್ಲ ಬಿಸಿಲು ಬೀಳುತ್ತಿದೆ ಎಂದು ಅಪ್ಪನ ಮುಖಕ್ಕೇ ಹೇಳಿದ ಕೆಲಸದಾಳು ಗಿರಿಜಳಿಗೆ ಒಂದು ವಾರ. ಅಪ್ಪ ಆವತ್ತು ಚಪ್ಪಾಳೆ ತಟ್ಟಿದ್ದನ್ನು ನೀವು ನೋಡಬೇಕಿತ್ತು. ಅಂಗೈಗಳು ಒಂದಕ್ಕೊಂದು ಪರಿಚಯವೇ ಇಲ್ಲದ ಹಾಗೆ ತಟ್ಟಿದರು.

ಕೋಳಿಯ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ನಮ್ಮ ಬೂದು ಹೇಂಟೆ ಮರಿಗಳನ್ನು ಉಳಿಸಿಕೊಳ್ಳಲು ಮುಂಗುಸಿಯ ಮೇಲೆ ಹಾರಿ ಅದರ ಮೂತಿ ಕುಕ್ಕಿ ಓಡಿಸಿತ್ತು. ಆದರೆ ಕೋಳಿಗೆ ಹೆದರಿಕೆ ಆಗಿತ್ತೆಂದು ಹೇಗೆ ಗೊತ್ತಾಗಬೇಕು? ಈ ಕುರಿತು ಕಣದಲ್ಲಿ ಅರ್ಧ ಗಂಟೆ ಚರ್ಚೆಯಾಯಿತು. "ಮೂರು ದಿನದಿಂದ ಕಾಳು ಮುಟ್ಟಿಲ್ಲ ಕಣೋ, ಇನ್ನೆಂತ ಸಾಕ್ಷಿ ಬೇಕು ನಿಂಗೆ?" ಎಂದು ಅಜ್ಜಿ ತೀರ್ಪು ಕೊಟ್ಟರು. ಪದಕವನ್ನು ಕೋಳಿಯ ಕುತ್ತಿಗೆಗೆ ಕಟ್ಟಲಾಯಿತು. ಅದು ಗಾಬರಿಯಾಗಿ ಕಾಫಿ ಗಿಡಗಳ ಒಳಗೆ ಓಡಿಹೋಯಿತು. ಇಡೀ ತೋಟ ಕೆಲಸ ಬಿಟ್ಟು ಇಂಗ್ಲೆಂಡಿನ ರಾಜನನ್ನು ಹುಡುಕಿತು. ಸಿಕ್ಕಾಗ ರಾಜನ ಮೂಗಿನ ಮೇಲೆ ಕುಕ್ಕಿದ ಎರಡು ಗುರುತುಗಳಿದ್ದವು.

ಕೋಳಿಗೂ ಸಿಕ್ಕಿತು, ನನಗೆ ಸಿಗಲಿಲ್ಲ. ನಾನು ಆ ಸೀಮೆಗೇ ಹೆಸರಾದ ಹೆದರುಪುಕ್ಕಲಿ. ಇಂಬಳ, ಅಂದರೆ ಜಿಗಣೆ, ಕಾಲಿಗೆ ಹತ್ತಿದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ದನಕ್ಕೆ ಹೆದರಿಕೆ, ಕರುವಿಗೂ ಹೆದರಿಕೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದು. ಶಾಲೆಯಲ್ಲಿ ಹೊಸದಾಗಿ ಬಂದ ಮೇಷ್ಟರು ಹೆಸರು ಕೇಳಿದಾಗ ಉತ್ತರ ಬಾರದೆ ನಿಂತದ್ದಕ್ಕೆ, ಅರ್ಧ ವರ್ಷ ಅವರು ನನ್ನನ್ನು ಪಕ್ಕದವಳ ಹೆಸರಿನಿಂದ ಕರೆದರು. ನಾನೂ ಸುಮ್ಮನೆ ಓಗೊಟ್ಟೆ.

ಆದರೆ ಆಸೆ ಕೇಳಬೇಕಲ್ಲ. ಒಂದು ಮಳೆಗಾಲ ಧೈರ್ಯವನ್ನು ತಯಾರಿಸಲು ಹೊರಟೆ. ಬೇಕೆಂದೇ ಒಂದು ಇಂಬಳವನ್ನು ಮೊಣಕೈಗೆ ಹತ್ತಿಸಿಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ದೊಡ್ಡಪ್ಪನ ಮುಂದೆ ಹೋಗಿ ಕೈ ಚಾಚಿದೆ. ಅವರು ಸುಣ್ಣ ಮುಟ್ಟಿಸಿ ಅದನ್ನು ಬೀಳಿಸಿ, "ಇದು ಸರ್ಕಸ್ಸು ಮಾರಾಯ್ತಿ. ಪದಕ ಬೇಕು ಅಂತ ಮಾಡಿದ್ದು ಎಣಿಕೆಗಿಲ್ಲ" ಅಂದರು. ನಂತರ ಹಳ್ಳಕ್ಕೆ ಅಡ್ಡ ಹಾಕಿದ್ದ ಮರದ ದಿಮ್ಮಿಯ ಮೇಲೆ ನಡೆಯಲು ಹೋಗಿ, ಮೂರನೇ ಹೆಜ್ಜೆಗೆ ನೀರಿನಲ್ಲಿದ್ದೆ. ಎತ್ತಲು ಬಂದ ಗಿರಿಜಳಿಗೆ ಎರಡನೇ ಸಲ ಪದಕ ಬಂತು, ಅವಳಿಗೆ ನೀರೆಂದರೆ ಭಯವಂತೆ. ಆ ದಿನ ಹೊಟ್ಟೆಯುರಿಯಿಂದ ನಾನು ಊಟ ಬಿಟ್ಟೆ. ಯಾರೂ ಗಮನಿಸದ್ದರಿಂದ ಆಮೇಲೆ ಹೋಗಿ ಉಂಡೆ.

ಒಂದು ವಿಷಯ ಮಾತ್ರ ನಮಗ್ಯಾರಿಗೂ ಅರ್ಥವಾಗಿರಲಿಲ್ಲ. ದೊಡ್ಡಪ್ಪ ಆ ಪದಕವನ್ನು ತಾವು ಒಮ್ಮೆಯೂ ಧರಿಸುತ್ತಿರಲಿಲ್ಲ. ಯಾವ ಪರಾಕ್ರಮಕ್ಕೆ ಸಿಕ್ಕಿತೆಂದು ಕೇಳಿದರೆ ಪ್ರತಿ ಸಲವೂ ಒಂದೊಂದು ಕತೆ. ಒಮ್ಮೆ ಆನೆ ಓಡಿಸಿದ್ದಕ್ಕೆ, ಒಮ್ಮೆ ಜನರಲ್‌ಗೆ ಒಳ್ಳೆ ಕಾಫಿ ಮಾಡಿಕೊಟ್ಟದ್ದಕ್ಕೆ. ಆದರೆ ಆ ಕತೆಗಳನ್ನು ಅವರು ಜಗಲಿಯಲ್ಲಿ ಹೇಳುತ್ತಿದ್ದರೇ ಹೊರತು ಕಣದಲ್ಲಿ ಹೇಳುತ್ತಿರಲಿಲ್ಲ.

ನನಗೆ ಹನ್ನೆರಡು ತುಂಬಿದ ವರ್ಷ, ಕಾಫಿ ಕುಯ್ಲಿನ ಸಮಯದಲ್ಲಿ, ಚಿಕ್ಕಮಗಳೂರಿನ ಮಾಜಿ ಸೈನಿಕರ ಸಂಘದಿಂದ ಒಂದು ಕಾಗದ ಬಂತು. ಜಿಲ್ಲೆಯ ಹಳೆಯ ಶೌರ್ಯ ಪದಕದವರಿಗೆಲ್ಲ ಸನ್ಮಾನವಂತೆ, ಪದಕ ಧರಿಸಿಕೊಂಡು ಬರಬೇಕಂತೆ, ಪರಾಕ್ರಮದ ದಾಖಲೆಯನ್ನು ವೇದಿಕೆಯಲ್ಲಿ ಓದುತ್ತಾರಂತೆ. ಮನೆಯಲ್ಲಿ ಹಬ್ಬದ ಸಂಭ್ರಮ. ದೊಡ್ಡಪ್ಪನ ಮುಖ ಮಾತ್ರ ಹಲ್ಲು ಕೀಳಿಸಲು ಹೊರಟ ಶೀನಪ್ಪನವರ ಮುಖವಾಗಿತ್ತು.

ಮರುದಿನ ಮಧ್ಯಾಹ್ನ ನಾನು ಕಣದಲ್ಲಿ ಪಾರ್ಚ್‌ಮೆಂಟ್ ತಿರುವುತ್ತಿದ್ದೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಹರವಿದ ಕಾಫಿ ಬೀಜವನ್ನು ಕಾಲಿನಿಂದ ಸಾಲು ಸಾಲಾಗಿ ಎಳೆಯುತ್ತಾ ನಡೆಯುವುದು ನನಗೆ ಹೆದರಿಕೆಯಿಲ್ಲದ ಏಕೈಕ ಕೆಲಸ. ದೊಡ್ಡಪ್ಪ ಚಪ್ಪಲಿ ಬಿಟ್ಟು ಪಕ್ಕದ ಸಾಲಿಗೆ ಬಂದು ಕಾಲೆಳೆಯುತ್ತಾ ನಡೆಯತೊಡಗಿದರು.

"ಶಾರೀ, ನಿಂಗೊಂದು ವಿಷಯ ಹೇಳ್ತೀನಿ. ನೀನು ಹೆದರುಪುಕ್ಕಲಿ, ನಿಂಗಾದ್ರೆ ಅರ್ಥ ಆಗುತ್ತೆ" ಅಂದರು. "ಆವತ್ತು ಗುಂಡು ಬೀಳಕ್ಕೆ ಶುರುವಾಯ್ತು. ಲಾರಿಯೊಳಗೆ ಮದ್ದುಗುಂಡು ತುಂಬಿತ್ತು. ನಂಗೆ ಇಲ್ಲಿಂದ ಓಡಿಹೋದ್ರೆ ಸಾಕು ಅನ್ನಿಸ್ತು. ಹತ್ತಿ ಕೂತು ಓಡಿಸಿದೆ. ಹಿಂದಿನ ತಾಡಪಾಲಿಗೆ ಬೆಂಕಿ ಹತ್ತಿದ್ದು ನಂಗೆ ಗೊತ್ತೇ ಇಲ್ಲ ಕಣೇ. ನಮ್ಮ ಸಾಹೇಬ ಕೂಗ್ತಾ ಹಿಂದೆ ಓಡಿ ಬರ್ತಾ ಇದ್ದ. ಓಡಿಹೋಗೋನನ್ನ ಹಿಡಿಯಕ್ಕೆ ಬಂದ, ಸಿಕ್ಕಿದ್ರೆ ಗುಂಡು ಹೊಡೀತಾನೆ ಅಂತ ಇನ್ನೂ ಜೋರಾಗಿ ಒತ್ತಿದೆ. ಹೋಗಿ ಹೊಳೆಗೆ ಬಿದ್ದೆ. ಬೆಂಕಿ ಆರ್ತು."

"ಆಮೇಲೆ?"

"ಆಮೇಲೆಂತ. ಪಕ್ಕದಲ್ಲೇ ಗಾಯಾಳುಗಳ ಡೇರೆ ಇತ್ತಂತೆ. ಲಾರಿ ಅಲ್ಲೇ ಸಿಡಿದಿದ್ರೆ ಒಬ್ಬರೂ ಉಳೀತಿರ್ಲಿಲ್ಲವಂತೆ. ಸಾಹೇಬ ಬಂದು ತಬ್ಬಿಕೊಂಡ. ನಾನು ನಿಜ ಹೇಳಕ್ಕೆ ಬಾಯಿ ತೆಗೆದೆ, ಬಾಯೊಳಗೆಲ್ಲ ಹೊಳೆ ನೀರು. ಪದಕ ಬಂತು. ವಾಪಸ್ ಕೊಡೋಣ ಅಂತ ಧೈರ್ಯ ಮಾಡೋ ಹೊತ್ತಿಗೆ ಅದನ್ನ ಕೊಡೋ ಅಂಗಡಿನೇ ಮುಚ್ಚಿಬಿಟ್ರು."

ನಾನು ಕಾಲೆಳೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ. ಮೂವತ್ತು ವರ್ಷ ಆ ಪದಕವನ್ನು ಅವರು ಬೇರೆಯವರ ವಸ್ತುವಿನಂತೆ ಇಟ್ಟುಕೊಂಡಿದ್ದರು, ಕೊನೆಗೆ ಸಿಕ್ಕಸಿಕ್ಕ ನಿಜವಾದ ವಾರಸುದಾರರಿಗೆ ಹಂಚತೊಡಗಿದ್ದರು.

"ಆ ಸನ್ಮಾನದಲ್ಲಿ ಸೇರೋರೆಲ್ಲ ಪಟ್ಟಾಳದವರೇ, ಯುದ್ಧ ಕಂಡೋರು. ಅವರ ಮುಂದೆ ಒಂದು ಸಲ ನಿಜ ಹೇಳಿ ಕೈ ತೊಳ್ಕೊಂಡ್ರೆ ನಂಗೆ ಸಾಕು" ಅಂದರು. "ಬೈದ್ರೆ ಬೈಯ್ಲಿ. ಆದ್ರೆ ಎದೆ ಢವಢವ ಅಂತದೆ ಮಾರಾಯ್ತಿ."

ಕಾರ್ಯಕ್ರಮದ ಬೆಳಗ್ಗೆ ಶೀನಪ್ಪನವರೂ ಸೇರಿ ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿ ಜೀಪು ಹತ್ತಿದ ಮೇಲೆ ಅಜ್ಜಿಗೆ ಜ್ಞಾನೋದಯವಾಯಿತು. "ಬಿಲ್ಲೆ ಯಾರ ಹತ್ರ ಉಂಟು?"

ಆ ವಾರದ ವೀರ ನಮ್ಮ ಮೆಕ್ಯಾನಿಕ್ ಇಬ್ರಾಹಿಂ ಸಾಬರು. ದೊಡ್ಡ ಎಸ್ಟೇಟಿನ ಸಿಟ್ಟಿನ ಧಣಿಯೊಬ್ಬರಿಗೆ "ನಿಮ್ಮ ಜೀಪಿನ ಆಯಸ್ಸು ಮುಗೀತು, ಇನ್ನು ನಂಗೆ ಹೇಳಿಕಳಿಸ್ಬೇಡಿ" ಎಂದು ನೇರವಾಗಿ ಹೇಳಿದ್ದಕ್ಕೆ ಅವರಿಗೆ ಪದಕ ಸಿಕ್ಕಿತ್ತು. ಅವರು ಆವತ್ತು ವಸ್ತಾರೆಯಲ್ಲಿ ಯಾರದೋ ಜೀಪು ರಿಪೇರಿಗೆ ಹೋಗಿದ್ದರು. ಪುಣ್ಯಕ್ಕೆ ಅದು ನಮ್ಮ ದಾರಿಯಲ್ಲೇ ಇತ್ತು.

ವಸ್ತಾರೆಯ ರಸ್ತೆ ಬದಿಯಲ್ಲಿ ಒಂದು ಜೀಪಿನ ಅಡಿಯಿಂದ ಎರಡು ಕಾಲು ಕಾಣಿಸಿದವು. ಅಪ್ಪ ಹಾರನ್ ಹೊಡೆದರು. ಕಾಲುಗಳ ಹಿಂದೆ ಇಬ್ರಾಹಿಂ ಸಾಬರೂ ಹೊರಬಂದರು, ಅಂಗಿಯ ಮೇಲೆ ಪದಕ, ಪದಕದ ಮೇಲೆ ಗ್ರೀಸು.

"ಸಾಬ್ರೇ, ಅದನ್ನ ಬೇಗ ಬಿಚ್ಚಿ ಕೊಡಿ" ಅಂದರು ಅಪ್ಪ.

"ಹಂಗೆಲ್ಲ ಕೊಡಕ್ಕಾಗಲ್ಲ ಗೌಡ್ರೇ" ಅಂದರು ಸಾಬರು. "ಸಂತೆ ಹಿಂದಿನ ದಿನ ಹಾಜರಿ ಕೂಗಿ, ಸಾವಧಾನ್ ಹೇಳಿ ತಗೊಳ್ಳೋದು ಪದ್ಧತಿ. ಇನ್ನೂ ಮೂರು ದಿನ ಇದೆ ನಂದು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾವೆಲ್ಲ ಇಳಿದು ರಸ್ತೆ ಬದಿ ಸಾಲಾಗಿ ನಿಂತೆವು. ಶೀನಪ್ಪನವರು ಪುಸ್ತಕವಿಲ್ಲದೆ ಹಾಜರಿ ಕೂಗಿದರು. ದೊಡ್ಡಪ್ಪ "ಸಾವಧಾನ್" ಅಂದರು. ಪಕ್ಕದ ಹೊಟೇಲಿನಿಂದ ಹೊರಬಂದ ನಾಲ್ಕು ಜನ ಅಪರಿಚಿತರು ಕಾಫಿ ಲೋಟ ಹಿಡಿದುಕೊಂಡೇ ಸೆಟೆದು ನಿಂತರು. ಪದಕ ಹಸ್ತಾಂತರವಾಯಿತು. "ಇಷ್ಟಾದ ಮೇಲೆ ನಾನೂ ಬರ್ತೀನಿ" ಎಂದು ಸಾಬರು ಕೈ ಒರೆಸಿಕೊಂಡು ಜೀಪು ಹತ್ತಿದರು. ದಾರಿಯುದ್ದಕ್ಕೂ ನಾನು ಲಂಗದ ಒಳಮಗ್ಗುಲಿನಿಂದ ರಾಜನ ಮುಖ ಒರೆಸಿದೆ. ದೊಡ್ಡಪ್ಪ ಅದನ್ನು ಎದೆಗೆ ಚುಚ್ಚಿಕೊಳ್ಳಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡು ವೇದಿಕೆ ಹತ್ತಿದರು.

ಸಭೆ ತುಂಬಿತ್ತು. ಮುಖ್ಯ ಅತಿಥಿ ಮೀಸೆ ತಿರುವಿದ ನಿವೃತ್ತ ಮೇಜರು. ಅವರು ದೊಡ್ಡಪ್ಪನ ದಾಖಲೆ ಓದಿದರು. ಧಗಧಗ ಉರಿಯುತ್ತಿದ್ದ ಮದ್ದುಗುಂಡಿನ ಲಾರಿಯನ್ನು ಪ್ರಾಣದ ಹಂಗು ತೊರೆದು ಏಕಾಂಗಿಯಾಗಿ ಹೊಳೆಗೆ ನುಗ್ಗಿಸಿದ ವೀರ. ಚಪ್ಪಾಳೆಯೋ ಚಪ್ಪಾಳೆ.

ದೊಡ್ಡಪ್ಪ ಮೈಕಿನ ಮುಂದೆ ಬಂದರು. "ಅದು ಹಂಗಲ್ಲ" ಅಂದರು. "ಲಾರಿ ಹೊತ್ಕೊಂಡಿದ್ದು ನಂಗೆ ಗೊತ್ತಿರ್ಲಿಲ್ಲ. ನಾನು ಹೆದರಿ ಓಡಿಹೋಗ್ತಾ ಇದ್ದೆ. ಹಿಂದೆ ತಿರುಗಿ ನೋಡಿದ್ದಿದ್ರೆ ಇಳಿದು ಓಡ್ತಿದ್ದೆ."

ಆಮೇಲೆ ಮೊದಲಿಗಿಂತ ಜೋರಾದ ಚಪ್ಪಾಳೆ. ಮೇಜರ ಕಣ್ಣು ತುಂಬಿ ಬಂತು. "ನೋಡಿ, ನಿಜವಾದ ವೀರರ ಲಕ್ಷಣವೇ ಇದು. ಎಂಥ ವಿನಯ" ಅಂದರು.

"ವಿನಯ ಅಲ್ಲ ಸಾರ್. ನಿಜವಾಗ್ಲೂ ಓಡಿದ್ದು."

ಚಪ್ಪಾಳೆ ಇನ್ನೂ ಏರಿತು. ಯಾರೋ ಹಾರ ತಂದು ಹಾಕಿದರು. ದೊಡ್ಡಪ್ಪ ಹಾರದೊಳಗಿನಿಂದಲೇ ಮೂರನೇ ಸಲ ಹೇಳಿದರು, "ನನ್ನ ಮಾತು ಕೇಳಿ ಮಾರಾಯ್ರೇ." ಯಾರೂ ಕೇಳಲಿಲ್ಲ. ಎಷ್ಟು ಹೇಳಿದರೂ ಅದು ವಿನಯವಾಗಿ ಹೋಗುತ್ತಿತ್ತು. ನಮ್ಮ ಮನೆಯವರೂ, ಇಬ್ರಾಹಿಂ ಸಾಬರೂ ಕೈ ಕೆಂಪಾಗುವ ಹಾಗೆ ತಟ್ಟುತ್ತಿದ್ದರು.

ಆಗ ನಾನು ದೊಡ್ಡಪ್ಪನ ಮುಖ ನೋಡಿದೆ. ಊರನ್ನೆಲ್ಲ ನಗಿಸುತ್ತಿದ್ದ ಮುಖ ಬಾಡಿಹೋಗಿತ್ತು. ಮೂವತ್ತು ವರ್ಷ ಕಾದು, ಢವಢವ ಎನ್ನುವ ಎದೆ ಹಿಡಿದುಕೊಂಡು ಬಂದು ಹೇಳಿದ ಒಂದು ನಿಜವನ್ನು ಯಾರೂ ತೆಗೆದುಕೊಳ್ಳಲು ತಯಾರಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ನಿಂತ ಮೇಲೆ ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅವರು ಹೇಳ್ತಿರೋದು ನಿಜ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನಮ್ಮ ದೊಡ್ಡಪ್ಪ ಹೆದರಿ ಓಡಿದ್ದು. ಕಣದಲ್ಲಿ ನಿಂತು ಹೇಳಿದಾರೆ. ಅಲ್ಲಿ ಸುಳ್ಳು ಹೇಳಂಗಿಲ್ಲ."

ಚಪ್ಪಾಳೆ ನಿಂತಿತು. ಅಜ್ಜಿ ನನ್ನ ಲಂಗ ಹಿಡಿದು ಎಳೆದರು, ನಾನು ಕೂರಲಿಲ್ಲ. ಮೇಜರು ಕಾಗದವನ್ನೂ ದೊಡ್ಡಪ್ಪನನ್ನೂ ನನ್ನನ್ನೂ ಸರದಿಯಲ್ಲಿ ನೋಡಿದರು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ, ಒಂದು ಕಿವಿ ಇಲ್ಲದ ಮುದುಕರೊಬ್ಬರು ನಗಲು ಶುರುಮಾಡಿದರು. "ಹೌದು ಮಾರಾಯ, ನಾನೂ ಓಡಿದೀನಿ" ಅಂದರು. "ನಂದು ಬೂಟು ಅಲ್ಲೇ ಉಳೀತು." ಅವರ ಪಕ್ಕದವರು, "ನಾನು ಹೇಸರಗತ್ತೆ ಹೊಟ್ಟೆ ಅಡಿ ಅಡಗಿದ್ದೆ, ಅದು ಒದ್ದಿದ್ದಕ್ಕೆ ಈಚೆ ಬಂದೆ" ಅಂದರು. ಇನ್ನೊಬ್ಬರು ಎದ್ದರು, ಮತ್ತೊಬ್ಬರು ಎದ್ದರು. ಜಿಲ್ಲೆಯ ಹಳೆಯ ಸಿಪಾಯಿಗಳೆಲ್ಲ ತಾವು ಎಲ್ಲೆಲ್ಲಿ, ಎಷ್ಟು ದೂರ, ಯಾವ ದಿಕ್ಕಿಗೆ ಓಡಿದ್ದೆವೆಂದು ಒಬ್ಬರನ್ನು ಮೀರಿಸಿ ಒಬ್ಬರು ಕೂಗಿ ಹೇಳತೊಡಗಿದರು. ಮೇಜರು ಮಾತ್ರ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಮೀಸೆ ಅದುರಿತು. "ನನ್ನದು ಹೆಚ್ಚೇನಿಲ್ಲ, ಒಂದು ಫರ್ಲಾಂಗು" ಎಂದು ಮೈಕಿನಲ್ಲೇ ಹೇಳಿ ಕೂತುಬಿಟ್ಟರು. ನಗು ಎಷ್ಟು ಏರಿತೆಂದರೆ ಕಿಟಕಿಯ ಹೊರಗೆ ನಿಂತವರೂ ಕಾರಣ ಗೊತ್ತಿಲ್ಲದೆ ನಗುತ್ತಿದ್ದರು.

ದೊಡ್ಡಪ್ಪ ನನ್ನನ್ನು ವೇದಿಕೆಗೆ ಕರೆದರು. ಇಬ್ರಾಹಿಂ ಸಾಬರು ಕೈಹಿಡಿದು ಮೆಟ್ಟಿಲು ಹತ್ತಿಸಿದರು.

"ಸಾವಧಾನ್" ಅಂದರು ದೊಡ್ಡಪ್ಪ. ನಮ್ಮ ಕಣದ ಜನ ಮಾತ್ರ ನಿಲ್ಲುತ್ತಾರೆಂದುಕೊಂಡಿದ್ದೆ. ನಗುತ್ತಿದ್ದ ಮುದುಕರೆಲ್ಲ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತರು. ಮೇಜರೂ ನಿಂತರು.

"ಎದ್ದು ನಿಂತಾಗ ಹೆದರಿಕೆ ಆಗಿತ್ತೇನೇ?"

"ಆಗಿತ್ತು ದೊಡ್ಡಪ್ಪ. ಇನ್ನೂ ಆಗ್ತಾ ಉಂಟು."

"ಪದಕ ಸಿಗ್ಲಿ ಅಂತ ನಿಂತಿದ್ದಾ?"

ನಾನು ಯೋಚಿಸಿದೆ. ಮೂರು ವರ್ಷದಲ್ಲಿ ಮೊದಲ ಸಲ ಅದರ ನೆನಪೇ ನನಗೆ ಬಂದಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ದೊಡ್ಡಪ್ಪ ಮುಷ್ಟಿ ಬಿಚ್ಚಿದರು. ಪದಕವನ್ನು ನನ್ನ ಎದೆಗೆ ಹಿಡಿದು ಪಿನ್ನು ಒತ್ತಿದರು. ಪಿನ್ನು ರವಿಕೆಯನ್ನೂ ದಾಟಿ ಒಳಗೆ ಚುಚ್ಚಿತು. ನಾನು ಮೈಕಿನ ಮುಂದೆಯೇ "ಅಯ್ಯಯ್ಯೋ ಅಮ್ಮಾ" ಎಂದು ಚಿಕ್ಕಮಗಳೂರಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಸೆಟೆದು ನಿಂತಿದ್ದ ಪಟ್ಟಾಳದವರಲ್ಲಿ ಒಬ್ಬರೂ ನಗಲಿಲ್ಲ, ಎಲ್ಲರೂ ಒಟ್ಟಿಗೆ ನನಗೆ ಸೆಲ್ಯೂಟ್ ಹೊಡೆದರು.